‘ಇನ್ನೂ ಆಗಿಲ್ಲ’ ಎಂದು ಶುರು ಮಾಡುವವರು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆ ಬೆಳಿಗ್ಗೆ ಗದಗಿನಿಂದ ಫೋನ್ ಬರುವುದು ಖಂಡಿತ: “ತಂಗಿ, ನಾ ಅಲ್ಲಿದ್ದದ್ದು ಇಪ್ಪತ್ತೆರಡು ವರ್ಷ ಅಲ್ಲ, ಇಪ್ಪತ್ತೊಂದು ವರ್ಷ ಹನ್ನೊಂದು ತಿಂಗಳು. ತಿದ್ದು.” ಹೆಸರಿಲ್ಲದಿದ್ದರೆ ತಮ್ಮ ಬಗ್ಗೆ ಅಲ್ಲವೇ ಅಲ್ಲ ಎಂಬಂತೆ ಓದಿ ಮಡಿಚಿಡುತ್ತಾರೆ. ತಿರುವನಂತಪುರದ ಶ್ರೀಕಾರ್ಯಂನಲ್ಲಿ ನಮ್ಮ ಬೀದಿಯ ಮಲಯಾಳಿಗಳಿಗೆ ಅವರು ‘ಸಾರ್’, ಸುತ್ತಲಿನ ಹತ್ತು ಹನ್ನೆರಡು ಕನ್ನಡ ಮನೆಗಳಿಗೆ ‘ಕಾಕಾ’. ಅವರ ಹೆಂಡತಿ ‘ಕಾಕು’. ಮೈಸೂರಿನವಳಾದ ನನಗೆ ಆ ಎರಡು ಶಬ್ದ ನಾಲಿಗೆಗೆ ಒಗ್ಗಲು ಒಂದು ವಾರ ಹಿಡಿಯಿತು.

ನಾನು ಕೊಚ್ಚಿಯ ಎಡಪ್ಪಳ್ಳಿಯಲ್ಲಿ ಎರಡು ವರ್ಷ ಕೆಲಸ ಮಾಡಿ, ಕಳಕ್ಕೂಟಂನ ಒಂದು ಕಂಪನಿಗೆ ಬಂದಿದ್ದೆ. ಕಾಕಾ ಬಾಡಿಗೆಗಿದ್ದ ಮನೆಯ ಮೇಲಿನ ಮಹಡಿ ಖಾಲಿ ಇತ್ತು. ಸಾಮಾನು ಇಳಿಸುತ್ತಿದ್ದ ದಿನ ಅವರು ಮೆಟ್ಟಿಲ ಬುಡದಲ್ಲಿ ನಿಂತು ನನ್ನ ಲ್ಯಾಪ್‌ಟಾಪ್ ಚೀಲವನ್ನೇ ನೋಡುತ್ತಿದ್ದರು. ಹೆಸರು, ಊರು, ಮನೆತನ ಏನೂ ಕೇಳಲಿಲ್ಲ. ಕೇಳಿದ್ದು ಇಷ್ಟು:

“ಇದರ ಒಳಗಿನ ಕಸ ಯಾವಾಗ ತಗೀತಿ?”

“ಅದು ತಾನಾಗೇ ತೆಗೆಯತ್ತೆ ಸಾರ್. ಸೆಟ್ ಮಾಡಿದೀನಿ.”

“ತಾನ ಅಂದ್ರ ಯಾರು?”

ಕಂಪ್ಯೂಟರಿನ ವಿಷಯದಲ್ಲಿ ನನ್ನನ್ನು ಹಾಗೆ ಪ್ರಶ್ನಿಸುವವರು ಅಪರೂಪ, ಹಾಗಾಗಿ ಆ ಮನುಷ್ಯ ಅವತ್ತೇ ಮನಸ್ಸಿನಲ್ಲಿ ಕೂತುಬಿಟ್ಟರು.

ಅವರು ಕೇಂದ್ರ ಸರಕಾರದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಉಪಕರಣಗಳನ್ನು ನೋಡಿಕೊಳ್ಳುವ ತಂತ್ರಜ್ಞರು. ವಿಜ್ಞಾನಿಯಲ್ಲ, ಆದರೆ ವಿಜ್ಞಾನಿಗಳ ತಕ್ಕಡಿ, ಒಲೆ, ಶೀತಲ ಪೆಟ್ಟಿಗೆ ಎಲ್ಲವೂ ನಡೆಯುತ್ತಿದ್ದದ್ದು ಅವರ ಕೈಯಿಂದ. ಮನೆಗೆ ಬಂದರೆ ಕನ್ನಡ ಕುಟುಂಬಗಳ ಕಂಪ್ಯೂಟರುಗಳು. ಅಂಗಿಯ ಜೇಬಿನಲ್ಲಿ ಒಂದು ಸಣ್ಣ ಟಾರ್ಚು, ಟೆಸ್ಟರು, ಮತ್ತು ಗೋಡೆಗೆ ಬಣ್ಣ ಬಳಿಯುವ ಒಂದು ಇಂಚಿನ ಬ್ರಷ್ಷು. ಭಾನುವಾರ ಬೆಳಿಗ್ಗೆ ಯಾರದಾದರೂ ಮನೆಯಲ್ಲಿ ಕಂಪ್ಯೂಟರಿನ ಡಬ್ಬಿ ಬಿಚ್ಚಿ, ಆ ಬ್ರಷ್ಷಿನಿಂದ ಧೂಳು ಗುಡಿಸುತ್ತ ಕೂತಿರುತ್ತಿದ್ದರು. ಒಮ್ಮೆ ಒಂದು ಡಬ್ಬಿಯೊಳಗೆ ಇರುವೆಗಳು ಮೊಟ್ಟೆಯಿಟ್ಟು ಸಂಸಾರ ಹೂಡಿದ್ದವು. ಮನೆಯೊಡತಿ ಹೊಡೆಯಲು ಔಷಧಿ ತಂದರು. ಕಾಕಾ ಬೇಡವೆಂದು, ಆ ಡಬ್ಬಿಯನ್ನು ಅಂಗಳದ ಹಲಸಿನ ಮರದ ಬುಡಕ್ಕೆ ಹೊತ್ತುಕೊಂಡು ಹೋಗಿ, ಮೆಲ್ಲಗೆ ಬೆರಳಿನಿಂದ ತಟ್ಟುತ್ತ ಮುಕ್ಕಾಲು ಗಂಟೆ ಕುಕ್ಕರುಗಾಲಿನಲ್ಲಿ ಕೂತಿದ್ದರು. ಇರುವೆಗಳು ಮೊಟ್ಟೆ ಹೊತ್ತುಕೊಂಡು ಇಳಿದು ಹೋದ ಮೇಲೆಯೇ ಎದ್ದದ್ದು.

ಹಾರ್ಡ್ ಡಿಸ್ಕ್ ವಿಷಯದಲ್ಲಿ ಅವರದೊಂದು ಕಟ್ಟುನಿಟ್ಟಿನ ಕ್ರಮವಿತ್ತು. ಮೊದಲು ಡಿಸ್ಕಿನ ಆರೋಗ್ಯ ನೋಡಬೇಕು. ಆಮೇಲೆ ಬೇಡದ ಕಡತ ಅಳಿಸಬೇಕು. ಆಮೇಲೆ ತಪ್ಪುಗಳಿವೆಯೇ ಎಂದು ಪರೀಕ್ಷೆ. ಕೊನೆಗೆ ಎಲ್ಲವನ್ನೂ ಹೊರಗಿನ ಇನ್ನೊಂದು ಡಿಸ್ಕಿಗೆ ನಕಲು ಮಾಡಬೇಕು. ಆರೋಗ್ಯ ಮೊದಲು ಯಾಕೆಂದರೆ, “ಎದಿನೋವು ಬಂದಾವ್ನ ಕಡೆ ಮೂಟಿ ಹೊರಸ್ತಾರೇನು?” ಎನ್ನುತ್ತಿದ್ದರು. ಇಷ್ಟನ್ನೂ ಕಂಪ್ಯೂಟರು ವಾರಕ್ಕೊಮ್ಮೆ ತಾನೇ ಮಾಡಿಕೊಳ್ಳುವಂತೆ ಸಮಯ ಕಟ್ಟಿಡುವುದು ಅವರಿಗೆ ಚೆನ್ನಾಗಿಯೇ ಗೊತ್ತಿತ್ತು. ಆದರೆ ಯಾರಿಗೂ ಮೊದಲ ದಿನವೇ ಕಟ್ಟಿಕೊಡುತ್ತಿರಲಿಲ್ಲ. ನಾಲ್ಕು ಭಾನುವಾರ ಕೈಯಾರೆ ಮಾಡಬೇಕು, ಮಾಡಿದ್ದನ್ನು ಹಾಳೆಯಲ್ಲಿ ಬರೆಯಬೇಕು. ಐದನೆಯ ಭಾನುವಾರ ಅವರು ಬಂದು ಹಾಳೆ ಓದಿ, ಆಮೇಲೆ ಗಡಿಯಾರಕ್ಕೆ ಒಪ್ಪಿಸುತ್ತಿದ್ದರು.

ಬಾಹ್ಯಾಕಾಶ ಕೇಂದ್ರದಲ್ಲಿದ್ದ ಬೆಂಗಳೂರಿನ ಒಬ್ಬ ವಿಜ್ಞಾನಿಗೆ ಇದು ರೇಗಿತು. “ಕಾಕಾ, ನಾನು ದಿನಾ ಇದಕ್ಕಿಂತ ದೊಡ್ಡ ಸಿಸ್ಟಮ್ ನೋಡ್ತೀನಿ.” ಕಾಕಾ ಒಂದು ಬಿಳಿ ಹಾಳೆ ಕೊಟ್ಟು ಹೊರಟುಬಂದರು. ಮೂರನೆಯ ಭಾನುವಾರ ಅದೇ ವಿಜ್ಞಾನಿ ಮೆಟ್ಟಿಲ ಹತ್ತಿರ ಬಂದು ಪೆಚ್ಚಾಗಿ ನಿಂತಿದ್ದರು. ಅವರು ‘ಕಸ’ ಎಂದು ಅಳಿಸಲು ಗುರುತು ಹಾಕಿದ್ದ ಡೌನ್‌ಲೋಡ್ ಫೋಲ್ಡರಿನಲ್ಲೇ ಅತ್ತೆಯವರು ತಮ್ಮ ಆಸ್ಪತ್ರೆಯ ವರದಿಗಳನ್ನೆಲ್ಲ ಇಟ್ಟುಕೊಂಡಿದ್ದರಂತೆ. ಕೈಯಾರೆ ಮಾಡುತ್ತಿದ್ದುದರಿಂದ ಕಣ್ಣಿಗೆ ಬಿತ್ತು. ಕಾಕಾ ಗೆದ್ದವರ ಮುಖ ಮಾಡಲಿಲ್ಲ. “ಛಲೋ ಆತು, ಹಾಳ್ಯಾಗ ಬರ್ಕೊ” ಎಂದಷ್ಟೇ ಹೇಳಿದರು.

ಇದಕ್ಕಿಂತ ವಿಚಿತ್ರ ಅವರ ಸ್ವಂತ ಕಂಪ್ಯೂಟರಿನ ಪರದೆ. ಅದರಲ್ಲಿ ಆ ಕೆಲಸ ವಾರಕ್ಕೊಮ್ಮೆಯಲ್ಲ, ದಿನಾ ಬೆಳಿಗ್ಗೆ. ತೆರೆದ ಕೂಡಲೇ ಇಡೀ ಪರದೆ ಕೆಂಪು. ನಡುವೆ ಅಗಲ ಅಕ್ಷರದಲ್ಲಿ ‘ಇನ್ನೂ ಆಗಿಲ್ಲ’. ನಕಲು, ಪರೀಕ್ಷೆ ಎಲ್ಲ ಮುಗಿದು ಸರಿಯಾಗಿದ್ದರೆ ಮಾತ್ರ ಅದು ಹಸಿರಾಗಿ ‘ಆತು’ ಎನ್ನುತ್ತಿತ್ತು. ಕೆಲಸ ಕೆಟ್ಟರೂ ಕೆಂಪು, ಕೆಲಸ ಶುರುವೇ ಆಗದಿದ್ದರೂ ಕೆಂಪು. ಕಾಕು ಅಡುಗೆಮನೆಯಿಂದ ಇಣುಕಿ, “ರೀ, ಒಂಬತ್ತಾತು, ಇನ್ನೂ ಕೆಂಪ ಐತಿ” ಎಂದು ಕೂಗುತ್ತಿದ್ದರು. ಕಂಪ್ಯೂಟರಿನ ಗಂಧವಿಲ್ಲದವರೂ ಕಾವಲು ಕಾಯಬಹುದಾದ ಏರ್ಪಾಡು ಅದು. ನನಗೆ ಅದು ರೈಲ್ವೆ ಗೇಟಿನ ಹಾಗೆ ಕಾಣುತ್ತಿತ್ತು, ನಾನು ಮನಸಾರೆ ನಗುತ್ತಿದ್ದೆ.

ಕಾಕು ಬಗ್ಗೆ ಹೇಳದೆ ಮುಂದಿನದು ಹೇಳಲಾಗದು. ಅವರು ಬೀದಿಯ ವಾಯನಶಾಲೆಯಲ್ಲಿ, ಎಂದರೆ ವಾಚನಾಲಯದಲ್ಲಿ, ಭಾನುವಾರ ಮಧ್ಯಾಹ್ನದ ಮೊದಲು ಕನ್ನಡ ತರಗತಿ ನಡೆಸುತ್ತಿದ್ದರು. ವರ್ಗವಾಗಿ ಬಂದವರ ಮಕ್ಕಳು, ಇಲ್ಲೇ ಹುಟ್ಟಿದ ಮಕ್ಕಳು. ಅಮ್ಮ ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರ ಕೊಡುವ ಮಕ್ಕಳು. ಓಣಂ ಮುಗಿದ ಮೇಲೆ ಹೊಸ ತಂಡ ಬರುತ್ತಿತ್ತು. ಪ್ರತಿ ಮಗುವೂ ಮೊಟ್ಟಮೊದಲು ತಾನಾಗಿ ಒಂದು ಕನ್ನಡ ಸಾಲು ಓದಿದ ದಿನ ಕಾಕು ಆ ದನಿಯನ್ನು ಫೋನಿನಲ್ಲಿ ಮುದ್ರಿಸಿ, ಕಂಪ್ಯೂಟರಿಗೆ ಹಾಕಿ, ಫೋನಿನಲ್ಲಿ ಜಾಗವಿಲ್ಲವೆಂದು ಅಲ್ಲಿಂದ ಅಳಿಸುತ್ತಿದ್ದರು. ಮಾರ್ಚ್ ಕೊನೆಗೆ ತರಗತಿ ಮುಗಿಯುವ ದಿನ ಹೆತ್ತವರ ಮುಂದೆ ಮಗು ಒಂದು ಇಡೀ ಪುಟ ಓದುತ್ತಿತ್ತು, ಆಮೇಲೆ ಅದರ ಮೊದಲ ದಿನದ ತೊದಲು ಓದನ್ನು ಕೇಳಿಸುತ್ತಿದ್ದರು. ಆ ಹೊತ್ತಿನಲ್ಲಿ ಮಕ್ಕಳ ಮುಖ ನೋಡಬೇಕು. ತಮ್ಮದೇ ತಪ್ಪುಗಳಿಗೆ ಬಿದ್ದು ಬಿದ್ದು ನಗುತ್ತಿದ್ದವು. ಪ್ರಮಾಣಪತ್ರ, ಬಹುಮಾನ ಏನೂ ಇಲ್ಲದ ತರಗತಿಗೆ ಮಕ್ಕಳು ಬರುತ್ತಿದ್ದದ್ದೇ ಆ ಒಂದು ದಿನಕ್ಕಾಗಿ.

ಆ ವರ್ಷ ಸೆಪ್ಟೆಂಬರಿನಲ್ಲಿ ಕಾಕಾಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆಯಿತು. ಒಂದು ಕಣ್ಣು, ಕೆಲವು ವಾರ ಬಿಟ್ಟು ಇನ್ನೊಂದು. ವೈದ್ಯರು ಹೇಳಿದ್ದಕ್ಕಿಂತ ಕಾಕು ಹೇಳಿದ್ದು ಕಠಿಣ: ಎರಡೂ ಕಣ್ಣು ಮುಗಿಯುವವರೆಗೆ ಕಂಪ್ಯೂಟರಿನ ಕೋಣೆಗೆ ಕಾಲಿಡಕೂಡದು. ಕಾಕಾರ ಮುಖ ನೋಡಲಾಗಲಿಲ್ಲ. “ನಾನಿದೀನಲ್ಲ ಕಾಕಾ, ನೋಡ್ಕೋತೀನಿ” ಎಂದೆ.

ನೋಡಿಕೊಂಡೆ. ನೋಡಿಕೊಂಡ ಬಗೆ ಹೀಗೆ. ಬೆಳಗಿನ ಹೊತ್ತು ಆ ಕೆಲಸ ನಡೆಯುವಾಗ ಕಂಪ್ಯೂಟರು ತೆವಳುತ್ತದೆ, ಪಾಠ ಬೆರಳಚ್ಚು ಮಾಡಲು ಆಗುವುದಿಲ್ಲ ಎಂದು ಕಾಕು ಗೊಣಗುತ್ತಿದ್ದರು. ಹಾಗಾಗಿ ಸಮಯವನ್ನು ಮಧ್ಯಾಹ್ನ ನಾಲ್ಕು ಗಂಟೆಗೆ ಸರಿಸಿದೆ. ಕೆಂಪು ಪರದೆ ಕಿತ್ತು ಹಾಕಿ ಒಂದು ಬೆಟ್ಟದ ಚಿತ್ರ ಹಾಕಿದೆ. ಏನಾದರೂ ತಪ್ಪಾದರೆ ಮಾತ್ರ ನನ್ನ ಫೋನಿಗೆ ಮೇಲ್ ಬರುವಂತೆ ಬರೆದೆ. ನಮ್ಮ ಕಂಪನಿಯಲ್ಲಿ ಎಲ್ಲವೂ ಹೀಗೇ ನಡೆಯುವುದು. ಕಾಕಾರ ನಾಲ್ಕು ಭಾನುವಾರದ ಶಿಸ್ತು ನನಗೆ ಅನ್ವಯಿಸುತ್ತದೆ ಎಂದು ಅನ್ನಿಸಲೇ ಇಲ್ಲ. ಎರಡು ದಿನ ನೋಡಿದೆ, ಸರಿಯಾಗಿ ನಡೆಯಿತು.

ಕಪ್ಪು ಕನ್ನಡಕ ಹಾಕಿಕೊಂಡು ವರಾಂಡದಲ್ಲಿ ಕೂತಿದ್ದ ಕಾಕಾ ಕೇಳಿದರು: “ಯಾವ ಹೊತ್ತಿಗೆ ಇಟ್ಟಿ?”

“ಅದರ ಯೋಚನೆ ನಿಮಗ್ಯಾಕೆ? ಯಾರಿಗೂ ತೊಂದರೆ ಇಲ್ದಿರೋ ಹೊತ್ತಿಗೆ ಇಟ್ಟಿದೀನಿ. ನೀವು ಆರಾಮಾಗಿರಿ.”

ಅವರು ಕನ್ನಡಕ ಸರಿಮಾಡಿಕೊಂಡು ಬೀದಿಯ ಕಡೆ ತಿರುಗಿದರು.

ಅಕ್ಟೋಬರ್ ಬಂತು, ಅದರೊಂದಿಗೆ ತುಲಾವರ್ಷ. ಕೇರಳದ ಈ ಎರಡನೆಯ ಮಳೆಗಾಲದ ರೀತಿ ಬೇರೆ. ಬೆಳಿಗ್ಗೆ ಸುಡುವ ಬಿಸಿಲು, ಮಧ್ಯಾಹ್ನ ಮೂರಕ್ಕೆ ಕತ್ತಲು, ಆಮೇಲೆ ಎದೆ ನಡುಗಿಸುವ ಗುಡುಗು ಸಿಡಿಲು. ಅದಕ್ಕೇ ಇಲ್ಲಿನ ಮನೆಗಳಲ್ಲಿ ಒಂದು ಪದ್ಧತಿ. ಆ ಎರಡು ತಿಂಗಳು ಮಧ್ಯಾಹ್ನದ ಊಟ ಮುಗಿದ ಕೂಡಲೇ ಟಿವಿ, ಇಂಟರ್‌ನೆಟ್ ಡಬ್ಬಿ, ಕಂಪ್ಯೂಟರು, ಎಲ್ಲದರ ಪ್ಲಗ್ಗನ್ನೂ ಗೋಡೆಯಿಂದ ಕಿತ್ತುಬಿಡುವುದು. ಮತ್ತೆ ಚುಚ್ಚುವುದು ಸಂಜೆ ದೀಪ ಹಚ್ಚುವಾಗ. ಇಪ್ಪತ್ತು ವರ್ಷ ಇಲ್ಲಿದ್ದ ಕಾಕು ಪಕ್ಕದ ಮನೆಯ ಚೇಚಿಯಷ್ಟೇ, ಎಂದರೆ ಮಲಯಾಳಿ ಅಕ್ಕನಷ್ಟೇ, ನಿಷ್ಠೆಯಿಂದ ಇದನ್ನು ಮಾಡುತ್ತಿದ್ದರು. ನನಗೆ ಇದರ ಅರಿವೇ ಇರಲಿಲ್ಲ. ಮಧ್ಯಾಹ್ನವೆಂದರೆ ನಾನು ಕಳಕ್ಕೂಟಂನಲ್ಲಿ, ಏರ್ ಕಂಡೀಷನ್ ಮಾಡಿದ ಏಳನೆಯ ಮಹಡಿಯಲ್ಲಿ, ಗಾಜಿನ ಹಿಂದೆ. ಅಲ್ಲಿಗೆ ಗುಡುಗೂ ಕೇಳಿಸುವುದಿಲ್ಲ.

ಹೀಗೆ ಆರು ವಾರ, ದಿನಾ ನಾಲ್ಕಕ್ಕೆ, ನನ್ನ ಕೆಲಸ ಶುರುವಾಗಬೇಕಾದ ಹೊತ್ತಿಗೆ ಕಂಪ್ಯೂಟರಿಗೆ ಕರೆಂಟೇ ಇರಲಿಲ್ಲ. ಸಮಯ ತಪ್ಪಿದರೆ ಆಮೇಲೆ ಮಾಡು ಎಂದು ಹೇಳುವ ಒಂದು ಪುಟ್ಟ ಚೌಕವಿದೆ, ಅದಕ್ಕೆ ನಾನು ಗುರುತು ಹಾಕಿರಲಿಲ್ಲ. ಕೆಲಸ ಶುರುವಾಗಲಿಲ್ಲ, ಹಾಗಾಗಿ ತಪ್ಪೂ ಆಗಲಿಲ್ಲ. ತಪ್ಪಾಗದ್ದರಿಂದ ಮೇಲ್ ಬರಲಿಲ್ಲ. ಮೇಲ್ ಬಾರದ್ದನ್ನು ನೋಡಿ ನಾನು ಪ್ರತಿ ಭಾನುವಾರ ಮೆಟ್ಟಿಲಿಳಿಯುತ್ತ “ಎಲ್ಲಾ ಸರಿಯಾಗಿದೆ ಕಾಕಾ” ಎಂದು ಕೂಗಿ ಹೇಳುತ್ತಿದ್ದೆ. ಅವರು ಕೈಯೆತ್ತಿ ಸಂತೋಷ ತೋರಿಸುತ್ತಿದ್ದರು. ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ನವೆಂಬರ್ ನಡುವಿನ ಒಂದು ಶನಿವಾರ ಬೆಳಿಗ್ಗೆ ಕಾಕು ಕೆಳಗಿನಿಂದ ಕರೆದರು. ಕಂಪ್ಯೂಟರು ಟಕ್ ಟಕ್ ಎನ್ನುತ್ತಿತ್ತು, ತೆರೆಯುತ್ತಿರಲಿಲ್ಲ. ಕಾಕಾ ಅಂದು ಆಜ್ಞೆ ಮೀರಿ ಕೋಣೆಗೆ ಬಂದರು. ಡಬ್ಬಿಗೆ ಕಿವಿ ಹಚ್ಚಿ ಒಂದು ನಿಮಿಷ ಕೇಳಿ, ತಾವೇ ಸ್ವಿಚ್ ಆರಿಸಿದರು. “ಡಿಸ್ಕ್ ಹೋತು. ಹೋಗ್ಲಿ, ವಯಸ್ಸಾಗಿತ್ತು. ನಕಲು ತಗಿ.”

ಹೊರಗಿನ ಡಿಸ್ಕನ್ನು ನನ್ನ ಲ್ಯಾಪ್‌ಟಾಪಿಗೆ ಚುಚ್ಚಿದೆ. ಕೊನೆಯ ನಕಲು ಸೆಪ್ಟೆಂಬರ್ ಕೊನೆಯ ವಾರದ್ದು, ಹೊತ್ತು ಮಧ್ಯಾಹ್ನ ನಾಲ್ಕು. ಆ ವರ್ಷದ ಹದಿನಾಲ್ಕು ಮಕ್ಕಳಲ್ಲಿ ಮೂವರ ದನಿ ಅದರಲ್ಲಿತ್ತು. ಹನ್ನೊಂದು ಇರಲಿಲ್ಲ. ಕಾಕು ಕುರ್ಚಿಯಲ್ಲಿ ಕೂತು, ಯಾರ ಯಾರದೆಂದು ಬೆರಳು ಮಡಿಚಿ ಹೆಸರು ಹೇಳತೊಡಗಿದರು. ಪಾಠವಾದರೆ ಮತ್ತೆ ಬರೆಯಬಹುದು. ಮೊದಲ ಓದು ಎರಡನೆಯ ಸಲ ಸಿಗುವುದಿಲ್ಲ. ಕಾಕಾ ನನ್ನನ್ನು ನೋಡಿದರು, ಪರದೆಯ ಮೇಲಿದ್ದ ಆ ನಾಲ್ಕು ಗಂಟೆಯನ್ನು ನೋಡಿದರು, ಗೋಡೆಯ ಪ್ಲಗ್ಗನ್ನು ನೋಡಿದರು, ಒಂದು ಕ್ಷಣದಲ್ಲಿ ಅವರಿಗೆ ಎಲ್ಲ ತಿಳಿಯಿತು.

“ನಾಕು ಗಂಟೆಕ್ಕ ಇಡು ಅಂತ ನಾನ ಈಕಿಗೆ ಹೇಳಿದ್ದೆ” ಎಂದರು ಹೆಂಡತಿಗೆ. “ನಂದ ತಪ್ಪು.”

ಸೋಮವಾರ ನಾನು ರಜೆ ಹಾಕಿದೆ. ಬೆಳಗಿನ ರೈಲಿನಲ್ಲಿ ಇಬ್ಬರೂ ಕೊಚ್ಚಿಗೆ ಹೋದೆವು. ಎಡಪ್ಪಳ್ಳಿಯಲ್ಲಿ ಕೆಟ್ಟ ಡಿಸ್ಕಿನಿಂದ ಕಡತ ಹೊರತೆಗೆಯುವ ಒಂದು ಅಂಗಡಿ ನನಗೆ ಗೊತ್ತಿತ್ತು. ಡಿಸ್ಕನ್ನು ಟವೆಲಿನಲ್ಲಿ ಸುತ್ತಿ ಸ್ಟೀಲ್ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದರು ಕಾಕಾ. ಎದುರಿನ ಸೀಟಿನವರು ತಿಂಡಿಯೆಂದುಕೊಂಡು ಬಹಳ ಹೊತ್ತು ಆಸೆಯಿಂದ ನೋಡಿದರು.

ಅಂಗಡಿಯಲ್ಲಿದ್ದ ಹೆಂಗಸು ಡಿಸ್ಕನ್ನು ತಿರುಗಿಸಿ ನೋಡಿ ಮೊದಲು ಕೇಳಿದ್ದೇ, “ಬ್ಯಾಕಪ್ ಆರಾ ಸೆಟ್ ಚೆಯ್ದದ್?” ನಕಲಿನ ವ್ಯವಸ್ಥೆ ಮಾಡಿದವರು ಯಾರು ಎಂದು. ನಾನು ಬಾಯಿ ತೆರೆಯುವ ಮೊದಲೇ ಕಾಕಾ, “ಞಾನ್ ತನ್ನೆ” ಎಂದರು, ನಾನೇ ಎಂದು. ಆಕೆ ಅವರ ಕಣ್ಣಿನ ಕಪ್ಪು ಕನ್ನಡಕ ನೋಡಿ, ರಸೀದಿ ಬರೆದುಕೊಟ್ಟಳು. ನಾಲ್ಕು ದಿನ ಬಿಟ್ಟು ಫೋನ್ ಬಂತು. ಹನ್ನೊಂದರಲ್ಲಿ ಎರಡು ಸಿಕ್ಕಿದ್ದವು. ಉಳಿದ ಒಂಬತ್ತರಲ್ಲಿ ಬರೀ ಸರಸರ ಸದ್ದು.

ಡಿಸ್ಕ್ ಕೊಟ್ಟ ಆ ಸೋಮವಾರವೇ, ಹಿಂದಿರುಗುವ ರೈಲಿನಲ್ಲಿ ನಾನು ಕಾಕಾರ ಮೇಲೆ ಸಿಟ್ಟಾಗಿದ್ದೆ. “ಯಾಕೆ ಸುಳ್ಳು ಹೇಳಿದ್ರಿ ಕಾಕಾ? ನನ್ನ ತಪ್ಪು ನಾನು ಹೊರಲ್ವಾ?”

“ಸುಳ್ಳೇನಲ್ಲ. ಯಾವ ಹೊತ್ತಿಗೆ ಇಟ್ಟಿ ಅಂತ ಒಂದ ಸಲ ಕೇಳಿದೆ. ನೀ ಹೇಳಲಿಲ್ಲ. ಎರಡನೇ ಸಲ ಕೇಳಬೇಕಿತ್ತು. ಕೇಳಿದ್ರ ನಿನಗ ಬ್ಯಾಸರ ಆಕ್ಕೈತಿ ಅಂತ ಬಿಟ್ಟೆ. ಮಷೀನಿನ ಕೆಲಸದಾಗ ಹಂಗ ಬಿಡಬಾರದು.”

ಆಮೇಲೆ ಆ ವಿಷಯ ಎತ್ತಲೇ ಬಿಡಲಿಲ್ಲ. ಕನ್ನಡ ಮನೆಗಳಿಗೆಲ್ಲ ಅದೇ ಸುದ್ದಿ ಹೋಯಿತು: ಕಾಕಾ ತಮ್ಮ ಮನೆಯ ಡಿಸ್ಕನ್ನೇ ಉಳಿಸಿಕೊಳ್ಳಲಿಲ್ಲವಂತೆ. ಯಾರೂ ಕೆಟ್ಟದಾಗಿ ಆಡಲಿಲ್ಲ, ಆದರೆ ಭಾನುವಾರದ ಕರೆಗಳು ಕಡಿಮೆಯಾದವು. ಒಂದು ಮನೆಯವರು ಅಂಗಡಿಯವನನ್ನು ಕರೆಸಿದರು. ಇನ್ನೊಂದು ಮನೆಯವರು ಕಣ್ಣು ಪೂರ್ತಿ ಸರಿಹೋಗಲಿ ಕಾಕಾ ಎಂದರು, ಸರಿಹೋದ ಮೇಲೂ ಕರೆಯಲಿಲ್ಲ. ಬ್ರಷ್ಷು ಜೇಬಿನಲ್ಲೇ ಇತ್ತು. ಕೆಲಸಕ್ಕೆ ಹೊರಡುವ ಮುಂಚೆಯೂ, ಭಾನುವಾರವೂ ಅವರು ವರಾಂಡದಲ್ಲಿ ಕೂತು ಪೇಪರನ್ನು ಜಾಹೀರಾತು ಸಮೇತ ಓದುತ್ತಿದ್ದರು. ನಾನು ದಿನಾ ಅವರ ಮುಂದೆಯೇ ಹಾದು ಆಫೀಸಿಗೆ ಹೋಗುತ್ತಿದ್ದೆ. ಹೇಳಿಬಿಡುತ್ತೇನೆ, ನಾನು ಸುಮ್ಮನಿದ್ದದ್ದು ಅವರ ಮಾತಿಗೆ ಗೌರವ ಕೊಟ್ಟಲ್ಲ. ಸುಮ್ಮನಿರುವುದು ಆರಾಮಾಗಿತ್ತು.

ಕಂಪ್ಯೂಟರಿಗೆ ಹೊಸ ಡಿಸ್ಕ್ ಹಾಕಿದ ಮೇಲೆ ನನ್ನನ್ನೇ ಕೂರಿಸಿ ನಾಲ್ಕು ಭಾನುವಾರ ಕೈಯಾರೆ ಮಾಡಿಸಿದರು. ಹಾಳೆ ಓದಿ, ಮೂರನೆಯ ವಾರ ದಿನಾಂಕ ಬರೆದಿಲ್ಲ ಎಂದು ವಾಪಸು ಕೊಟ್ಟರು. ನಾನು ಇವತ್ತು ಆಫೀಸಿನಲ್ಲಿ ಏನನ್ನೇ ಸ್ವಯಂಚಾಲಿತ ಮಾಡಿದರೂ, ಮೊದಲು ‘ಇನ್ನೂ ಆಗಿಲ್ಲ’ ಎಂದು ಬರೆದು, ಮುಗಿದ ಮೇಲಷ್ಟೇ ಅಳಿಸುವಂತೆ ಮಾಡುತ್ತೇನೆ. ನನ್ನ ತಂಡದವರು ನಗುತ್ತಾರೆ. ನಗಲಿ, ನಮ್ಮ ಕೆಲಸ ಒಂದು ದಿನವೂ ಸದ್ದಿಲ್ಲದೆ ತಪ್ಪಿಲ್ಲ.

ಮಾರ್ಚ್ ಕೊನೆಗೆ ಕಾಕಾ ನಿವೃತ್ತರಾದರು. ಆ ಭಾನುವಾರವೇ ತರಗತಿಯ ಕೊನೆಯ ದಿನ, ಅದೇ ಗದಗಿಗೆ ಹೊರಟಿದ್ದ ಅವರಿಬ್ಬರ ಬೀಳ್ಕೊಡುಗೆಯ ದಿನ. ವಾಯನಶಾಲೆ ತುಂಬಿತ್ತು. ಹದಿನಾಲ್ಕು ಮಕ್ಕಳೂ ಎದ್ದು ನಿಂತು ಒಂದೊಂದು ಪುಟ ಓದಿದರು. ಆಮೇಲೆ ಐವರ ಮೊದಲ ಓದು ಕೇಳಿಸಿದರು. ನಗು, ಚಪ್ಪಾಳೆ. ಐದನೆಯದಕ್ಕೆ ಮುಗಿಯಿತು. ಎರಡನೆಯ ಸಾಲಿನ ಒಂದು ಹುಡುಗಿ ಕಾದು ಕಾದು ಎದ್ದು ನಿಂತಳು.

“ಎಂಡೆ ಶಬ್ದಂ ಎವಿಡೆ, ಟೀಚರೇ?” ನನ್ನ ದನಿ ಎಲ್ಲಿ ಎಂದು.

ಆ ಬಾಹ್ಯಾಕಾಶದ ವಿಜ್ಞಾನಿ ವಾತಾವರಣ ಹಗುರ ಮಾಡಲೆಂದು, “ಅದನ್ನ ಕಾಕಾರನ್ನೇ ಕೇಳ್ಬೇಕು ಪುಟ್ಟಿ. ಕಾಕಾ, ಊರಿಗೆ ಹೋದ್ಮೇಲೆ ಅಲ್ಲಿಯೋರ ಕಂಪ್ಯೂಟರ್ ಮುಟ್ಬೇಡಿ ಮತ್ತೆ!” ಎಂದರು. ಎಲ್ಲರೂ ನಕ್ಕರು. ಕಾಕಾ ಎಲ್ಲರಿಗಿಂತ ಜೋರಾಗಿ ನಕ್ಕರು. ಆ ನಗು ಕೇಳಿ ನನಗೆ ಕೂತಿರಲಾಗಲಿಲ್ಲ.

ಎದ್ದು ಹೇಳಿದೆ. ನಾಲ್ಕು ಗಂಟೆಗೆ ಇಟ್ಟವಳು ನಾನು, ಕಾಕಾಗೆ ಸಮಯ ಹೇಳದವಳು ನಾನು, ಆರು ವಾರ ನೋಡದೆ ಸರಿಯಾಗಿದೆ ಎಂದವಳು ನಾನು. ಆ ಹುಡುಗಿಯ ಕಡೆ ತಿರುಗಿ, “ನಿನ್ನ ದನಿ ಕಳೆದದ್ದು ನಾನು ಪುಟ್ಟಿ” ಎಂದೆ. ಅವಳು ನನ್ನನ್ನು ಗಂಭೀರವಾಗಿ ನೋಡಿ ಕೂತಳು.

“ಕುಂದ್ರು ತಂಗಿ, ಈಗ ಯಾಕ ಅದು” ಎಂದು ಕಾಕಾ ಗದರಿದರು. ಅವರು ಗದರಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ವಿಜ್ಞಾನಿ ಮುಖ ಒರೆಸಿಕೊಂಡು ಎದ್ದು, “ಕಾಕಾ, ಹೊರಡೋ ಮುಂಚೆ ನಮ್ಮನೇದೊಂದು ನೋಡ್ಬಿಡಿ” ಎಂದರು. ಅವರ ಹಿಂದೆ ಇನ್ನೂ ಇಬ್ಬರು ಕೇಳಿದರು. ಕಾಕಾ ಹೆಂಡತಿಯ ಮುಖವನ್ನೇ ನೋಡುತ್ತಿದ್ದರು. ನಾಲ್ಕು ತಿಂಗಳು ಆಕೆಗೆ ಹೇಳಿಕೊಂಡು ಬಂದ ಸುಳ್ಳು ಎಲ್ಲರೆದುರು ಹೊರಬಿದ್ದಿತ್ತು.

ಕಾಕು ಮೇಜಿನ ಮೇಲಿನ ಪುಸ್ತಕ ಜೋಡಿಸುತ್ತಲೇ ನನಗೆ ಹೇಳಿದರು: “ಊಟಾ ಆದ ಮ್ಯಾಲೆ ನಾ ಪ್ಲಗ್ ಕೀಳ್ತೀನಿ ಅಂತ ಈ ಮನುಷ್ಯಾಗ ಇಪ್ಪತ್ತು ವರ್ಷದಿಂದ ಗೊತ್ತೈತಿ. ಗೊತ್ತಿದ್ದೂ ನಾಕಕ್ಕ ಇಡು ಅಂತಾರೇನು? ಅವತ್ತ ತಿಳೀತು ನನಗ. ನೀ ಯಾವಾಗ ಬಾಯಿ ಬಿಡ್ತಿ ಅಂತ ಕಾಯಾಕತ್ತಿದ್ದೆ.”